ಅಂಗೈಯಗಲದ ಪರದೆಯ ಮೇಲೆ ನಮ್ಮ ಸಂಸಾರದ ಚಿತ್ರ!



ಈ ವಾರ ಈ ಪುಟದಲ್ಲಿ ಯಾವ ನಾಯಕಿಯ ಮದುವೆ ಸುದ್ದಿಯೂ ಇಲ್ಲ, ಯಾವ ನಾಯಕನ ಕಾಲ್‌ಷೀಟ್ ರಗಳೆಯೂ ಇಲ್ಲ. ಈ ವಾರದ ಕಥಾನಾಯಕ ನಾನೇ! ಗಾಬರಿ ಬೇಡಿ... ನಾನು ಬಣ್ಣ ಹಚ್ಚಿಲ್ಲ. ಹಚ್ಚಿದರೆ ಕ್ಯಾಮೆರಾನೇ ಹೆದರಿ ಓಡುತ್ತೆ ಅಂತ ಗಾಂಧಿನಗರದ ಗೆಳೆಯರು ಆಗಲೇ ಹೇಳಿಬಿಟ್ಟಿದ್ದಾರೆ. ಆದರೂ 2023ರ ಡಿಸೆಂಬರ್‌ನಿಂದ ಐದಾರು ತಿಂಗಳು ನಾನೂ ನನ್ನಾಕೆಯೂ ವಾರಕ್ಕೊಮ್ಮೆ ಪರದೆಯ ಮೇಲೆ ಕಾಣಿಸಿಕೊಂಡಿದ್ದೇವೆ. ಎಂಥಾ ಪರದೆ? ಅಂಗೈಯಗಲದ ಮೊಬೈಲ್ ಪರದೆ. ಆ ಚಿತ್ರಕ್ಕೆ ಪ್ರೇಕ್ಷಕರು ಒಬ್ಬರೇ. ನಿರ್ದೇಶಕರೂ ಅವರೇ ಅನ್ನಿ. ಮೈಸೂರಿನಲ್ಲಿ ಕೂತಿದ್ದ ಒಬ್ಬ ಮನಃಶಾಸ್ತ್ರಜ್ಞೆ!

ಹೌದು ಸ್ವಾಮಿ, ಆನ್‌ಲೈನ್ ಕೌನ್ಸೆಲಿಂಗ್. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನೋ ಗಾದೆ ಇರುವಾಗ ಇದೇನು ಹೊಸ ಫ್ಯಾಷನ್ ಅಂತೀರಾ? ನಾನೂ ಹಾಗೇ ಅಂದಿದ್ದೆ. ನಮ್ಮ ಮನೆಯಲ್ಲಿ ಉಂಡು ಮಲಗಿದ ಮೇಲೂ ಜಗಳ ಎದ್ದು ಕೂತಿರುತ್ತಿತ್ತು. ಅದಕ್ಕೇ ಈ ಕಥೆ.

ಫ್ಲಾಶ್‌ಬ್ಯಾಕ್

ಸಿನಿಮಾ ಬಗ್ಗೆ ಬರೆದೇ ಹೊಟ್ಟೆ ಹೊರೆದವನು ನಾನು. ಮುಹೂರ್ತಕ್ಕೆ ಹೋಗಿ ಕ್ಲಾಪ್ ನೋಡುವುದು, ಪತ್ರಿಕಾಗೋಷ್ಠಿಯಲ್ಲಿ ವಡೆ ತಿನ್ನುವುದು, ಶುಕ್ರವಾರ ಮೊದಲ ಆಟ ನೋಡಿ ಸಂಜೆಯೊಳಗೆ ವಿಮರ್ಶೆ ಬರೆದು ಕೊಡುವುದು... ಇಷ್ಟೇ ಜೀವನ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಿಗೆ ಬೀಗ ಬಿತ್ತು. ಅಕ್ಟೋಬರ್‌ನಲ್ಲಿ ಅರ್ಧ ಸೀಟಿಗೆ ತೆರೆದವು, ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿದವು. ಹೊಸ ಚಿತ್ರ ಇಲ್ಲ ಅಂದ್ರೆ ಜಾಹೀರಾತು ಇಲ್ಲ. ಜಾಹೀರಾತು ಇಲ್ಲ ಅಂದ್ರೆ ಪುಟ ಇಲ್ಲ. ಪುಟ ಇಲ್ಲ ಅಂದ್ರೆ ನಾನಿಲ್ಲ!

ಇದನ್ನು ಮನೆಯಲ್ಲಿ ಹೇಳಿದೆನಾ? ಇಲ್ಲ. ಬೆಳಗ್ಗೆ ಎಂದಿನ ಹಾಗೆ ಇಸ್ತ್ರಿ ಶರ್ಟ್ ಹಾಕಿಕೊಂಡು ಹೊರಡುವುದು, ಪಾರ್ಕಿನಲ್ಲಿ ಕೂತು ಸಂಜೆ ಬರುವುದು. ಬಾಡಿಗೆಗೆ ಕೈಸಾಲ. ಕೈಸಾಲ ತೀರಿಸಲು ಮೀಟರ್ ಬಡ್ಡಿ. ಬಡ್ಡಿಯ ತಲೆಬಿಸಿಗೆ ಸಂಜೆ ಒಂದು ಕ್ವಾರ್ಟರ್. ಚಿತ್ರಮಂದಿರಗಳು ತೆರೆದ ಮೇಲೂ ಸಾಲ ತೆರೆ ಎಳೆಯಲಿಲ್ಲ. ಕೊನೆಗೆ ನನ್ನಾಕೆಯ ಅಣ್ಣನ ಹತ್ತಿರವೂ ಕೈಯೊಡ್ಡಿದೆ. “ಭಾವಾ, ಮನೇಲಿ ಹೇಳ್ಬೇಡಿ” ಅಂತ ಪ್ರಮಾಣ ಮಾಡಿಸಿಕೊಂಡಿದ್ದೆ.

2023ರ ಗೌರಿ ಹಬ್ಬ. ಭಾವ ಅರಸೀಕೆರೆಯಿಂದ ತಂಗಿಗೆ ಬಾಗಿನ ತಂದರು. ಊಟ ಆಯ್ತು. ಎಲೆ ಅಡಿಕೆ ಹಾಕಿಕೊಂಡು ಮಾತಿನ ಭರದಲ್ಲಿ, “ಆ ದುಡ್ಡಿಗೇನೂ ಅವಸರ ಇಲ್ಲ ಬಿಡಮ್ಮ” ಅಂದೇಬಿಟ್ಟರು.

ನನ್ನಾಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ! ಗಣಪತಿ ಬಿಟ್ಟ ಮರುದಿನ ಆರು ವರ್ಷದ ಮಗಳ ಕೈ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. “ನಿಮ್ಮ ಜೊತೆ ಮಾತಾಡೋದಕ್ಕಿಂತ ಗೋಡೆ ಜೊತೆ ಮಾತಾಡೋದು ವಾಸಿ ಕಣ್ರೀ.” ರೈಲು ಹತ್ತಿ ಹೋದಳು. ಅಲ್ಲೇ ಮಗಳನ್ನು ಸ್ಕೂಲಿಗೂ ಸೇರಿಸಿದಳು.

ನಾನೇನು ಮಾಡಿದೆ? ಕಾದೆ. ಯಾಕೆ ಕಾದೆ ಅಂತ ಹೇಳಲು ಇವತ್ತಿಗೂ ನಾಚಿಕೆ. ನಮ್ಮ ಚಿತ್ರಗಳಲ್ಲಿ ಮುನಿದ ಗಂಡ ಹೆಂಡಿರು ಹೇಗೆ ಒಂದಾಗುತ್ತಾರೆ? ಮಗುವಿಗೆ ಜ್ವರ ಬರುತ್ತದೆ. ಡಾಕ್ಟರು ತಲೆ ಅಲ್ಲಾಡಿಸುತ್ತಾರೆ. ಹಾಸಿಗೆಯ ಆಚೆ ಅಪ್ಪ, ಈಚೆ ಅಮ್ಮ. ಮಗು ಕಣ್ಣು ಬಿಡುತ್ತದೆ... ಶುಭಂ! ನೂರಾರು ಸಲ ನೋಡಿದ ಆ ದೃಶ್ಯ ನನ್ನ ತಲೆಯಲ್ಲೂ ಓಡುತ್ತಿತ್ತು. ಮಗಳಿಗೆ ಒಂದು ಜ್ವರ ಬಂದರೆ ಫೋನ್ ಮಾಡುತ್ತಾಳೆ ಅಂತ ಒಂದು ರಾತ್ರಿ ನಾನು ನಿಜವಾಗಿಯೂ ಯೋಚಿಸಿದೆ. ಹೆತ್ತ ತಂದೆ ಯೋಚಿಸುವ ಮಾತಾ ಅದು?

ಮೆಜೆಸ್ಟಿಕ್‌ನಲ್ಲಿ ಒಂದು ರಾತ್ರಿ

ನವೆಂಬರ್ ತಿಂಗಳು. ಕುಡಿದ ಧೈರ್ಯದಲ್ಲಿ ಅರಸೀಕೆರೆಗೆ ಹೋಗಿ ಜಗಳ ತೆಗೆಯುವುದು ಅಂತ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಬಂದೆ. ಬಸ್ಸು ಹೊರಟುಹೋಗಿತ್ತು. ಕಲ್ಲುಬೆಂಚಿನ ಮೇಲೆ ಕೂತೆ. ಅಮಲು ಇಳಿಯುತ್ತಾ ಬಂತು. ಅದರ ಜಾಗಕ್ಕೆ ಇನ್ನೊಂದು ಯೋಚನೆ ಬಂದು ಕೂತಿತು. ‘ನಾನಿಲ್ಲದಿದ್ದರೆ ಇವರೆಲ್ಲ ಆರಾಮಾಗಿರ್ತಾರೆ...’

ಮಿತ್ರರೇ, ಇಂಥ ಯೋಚನೆ ನನ್ನೊಬ್ಬನದೇ ಅಲ್ಲ. ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ ಹೇಳುತ್ತೇನೆ. 2022ರಲ್ಲಿ ನಮ್ಮ ದೇಶದಲ್ಲಿ ತಮ್ಮ ಪ್ರಾಣ ತಾವೇ ಕಳೆದುಕೊಂಡವರು 1,70,924 ಮಂದಿ. ಅವರಲ್ಲಿ ಹತ್ತಕ್ಕೆ ಏಳು ಜನ ಗಂಡಸರು. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಪರೀಕ್ಷೆಯಲ್ಲ, ಪ್ರೇಮವಲ್ಲ. ಕುಟುಂಬದ ಸಮಸ್ಯೆ! ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು. ತೆರೆಯ ಮೇಲೆ ಅಣ್ಣಾವ್ರು ಅತ್ತರೆ ನಾವೂ ಕತ್ತಲಲ್ಲಿ ಕಣ್ಣೀರು ಹಾಕುತ್ತೇವೆ. ಲೈಟ್ ಹಾಕುವ ಮೊದಲೇ ಒರೆಸಿಕೊಂಡು ಹೊರಗೆ ಬಂದು ಸಿಗರೇಟು ಹಚ್ಚುತ್ತೇವೆ. ‘ಗಂಡಸು ಅಳಬಾರದು’ ಅಂತ ನಮಗೆ ಯಾರು ಡೈಲಾಗ್ ಬರೆದುಕೊಟ್ಟರೋ, ಆ ಪುಣ್ಯಾತ್ಮ ಎಷ್ಟು ಮನೆ ಹಾಳು ಮಾಡಿದ್ದಾನೋ!

ನನ್ನ ಗೆಳೆಯನೊಬ್ಬ ಸ್ಟುಡಿಯೋದಲ್ಲಿ ಲೈಟ್‌ಬಾಯ್. ಲಾಕ್‌ಡೌನ್‌ನಲ್ಲಿ ಅವನೂ ಒದ್ದಾಡಿದವನೇ. ಹಿಂದೊಂದು ದಿನ ಐದಂಕಿಯ ಒಂದು ನಂಬರ್ ನನ್ನ ಮೊಬೈಲಿಗೆ ಹಾಕಿಕೊಟ್ಟು, “ಮಗಾ, ನಗ್ಬೇಡ. ಒಂದಿನ ಬೇಕಾಗುತ್ತೆ” ಅಂದಿದ್ದ. 14416. ಟೆಲಿ ಮಾನಸ್ ಅಂತ ಅದರ ಹೆಸರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರು ಮಾಡಿದ ಸಹಾಯವಾಣಿ. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕಾಸು ಕೇಳುವುದಿಲ್ಲ.

ಒತ್ತಿದೆ. ಆ ಕಡೆ ಒಬ್ಬ ಹೆಣ್ಣುಮಗಳು. ಹತ್ತು ನಿಮಿಷ ನನ್ನ ಪುರಾಣ ಕೇಳಿ, ಒಂದೇ ಪ್ರಶ್ನೆ ಕೇಳಿದರು.

“ಸರ್, ಸಾಯಬೇಕು ಅಂತ ಅನ್ನಿಸ್ತಿದೆಯಾ?”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೀಗೆ ಮುಖಕ್ಕೇ ಕೇಳಬಹುದಾ? ಕೇಳಬೇಕಂತೆ! ಹಾಗೆ ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕುವುದಿಲ್ಲ, ಇರುವ ಯೋಚನೆ ಬಾಯಿಗೆ ಬಂದು ಭಾರ ಇಳಿಯುತ್ತದೆ ಅಂತ ಆಮೇಲೆ ತಿಳಿಯಿತು. “ಹೂಂ” ಅಂದೆ. ಅಂದ ಕೂಡಲೇ ಬಸ್ ನಿಲ್ದಾಣ ಅನ್ನುವುದನ್ನೂ ಮರೆತು ಅತ್ತೆ. ಅವರು ಅವಸರ ಮಾಡಲಿಲ್ಲ. ಬುದ್ಧಿವಾದ ಹೇಳಲಿಲ್ಲ. “ಈ ರಾತ್ರಿ ನಿಮ್ಮ ಜೊತೆ ಯಾರು ಇರ್ತಾರೆ?” ಅಂತ ಕೇಳಿದರು. ಲೈಟ್‌ಬಾಯ್ ಗೆಳೆಯನ ಹೆಸರು ಹೇಳಿದೆ. ಅವನಿಗೆ ಫೋನ್ ಮಾಡುವಂತೆ ಒಪ್ಪಿಸಿದರು. ಅರ್ಧ ಗಂಟೆಯಲ್ಲಿ ಅವನು ಸ್ಕೂಟರ್‌ನಲ್ಲಿ ಬಂದ. “ನಡಿ ಗುರೂ, ಮನೆಗೆ ಹೋಗಣ” ಅಂದ, ಅಷ್ಟೇ. ಮರುದಿನ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸಿದರು.

ಅವರ ಮಾತಿನಂತೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಖುದ್ದಾಗಿ ಕಂಡೆ. ಖಿನ್ನತೆ ಅಂದರು. ಮಾತ್ರೆ ಬರೆದರು. ಕುಡಿತ ಬಿಡಿಸುವ ದಾರಿ ಹೇಳಿದರು. “ನಿಮ್ಮದು ಒಂದು ಪಾಲು ಆಯ್ತು. ಸಂಸಾರದ ಪಾಲು ಇಬ್ಬರೂ ಕೂತು ನೋಡಬೇಕು” ಅಂದರು.

ನಮ್ಮ ಸಿನಿಮಾದ ಮನಸ್ಸಿನ ಡಾಕ್ಟರು

ನನಗೋ ಮನಸ್ಸಿನ ಡಾಕ್ಟರು ಅಂದರೆ ತೆರೆಯ ಮೇಲೆ ಕಂಡವರೇ! ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ 1970ರ ದಶಕದ ಆರಂಭದಲ್ಲಿ ತೆರೆಗೆ ತಂದರು. ಹೆರಿಗೆಯ ನಂತರ ಬುದ್ಧಿ ಕೆಟ್ಟ ಕಾವೇರಿಯಾಗಿ ಕಲ್ಪನಾ ಅಭಿನಯಿಸಿದ್ದನ್ನು ಮರೆಯುವವರುಂಟೇ? ಆ ಚಿತ್ರದ ಸತ್ಯ ನೋಡಿ. ಆಸ್ಪತ್ರೆಯಲ್ಲಿ ಕಾವೇರಿ ವಾಸಿಯಾಗುತ್ತಾಳೆ. ವಾಸಿಯಾಗದೇ ಉಳಿಯುವುದು ಅವಳ ಮನೆ! ಗಂಡನ ಕಣ್ಣು, ನೆರೆಯವರ ಪಿಸುಮಾತು ಅವಳನ್ನು ಮತ್ತೆ ಆಸ್ಪತ್ರೆಗೇ ಅಟ್ಟುತ್ತವೆ. ಒಬ್ಬರಿಗೆ ಮಾತ್ರೆ ಕೊಟ್ಟು ಮನೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

1982ರಲ್ಲಿ ಅದೇ ಪುಟ್ಟಣ್ಣನವರ ‘ಮಾನಸ ಸರೋವರ’. ಶ್ರೀನಾಥ್ ಮನೋವೈದ್ಯ. ಚಿಕಿತ್ಸೆಗೆ ಬಂದ ಹುಡುಗಿಯನ್ನೇ ಪ್ರೀತಿಸಿ ಕೊನೆಗೆ ತಾನೇ ಹುಚ್ಚನಾಗುವ ದುರಂತ. ಚಿತ್ರಕ್ಕೆ ಚೆಂದ. ನಿಜ ಜೀವನದಲ್ಲಿ ಚಿಕಿತ್ಸೆ ಕೊಡುವವರು ಪಡೆಯುವವರ ಜೊತೆ ಪ್ರೇಮದ ಮಾತಾಡುವ ಹಾಗೇ ಇಲ್ಲ. ಆಡಿದರೆ ಎದ್ದು ಬನ್ನಿ, ದೂರು ಕೊಡಿ. ಆಮೇಲೆ 2004ರ ‘ಆಪ್ತಮಿತ್ರ’. ಡಾಕ್ಟರ್ ವಿಜಯ್ ಆಗಿ ವಿಷ್ಣುವರ್ಧನ್ ಒಂದೇ ರಾತ್ರಿಯ ಆಟದಲ್ಲಿ ನಾಗವಲ್ಲಿಯನ್ನು ಓಡಿಸಿಬಿಟ್ಟರು. ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ನನ್ನ ಮನೆಗೂ ಅಂಥ ಡಾಕ್ಟರು ಬಂದು ಒಂದೇ ಸೀನಿನಲ್ಲಿ ಎಲ್ಲ ಸರಿ ಮಾಡುತ್ತಾರೆ ಅಂತಲೇ ನಂಬಿದ್ದೆ.

ಒಂದು ಸ್ವಾರಸ್ಯ ಗೊತ್ತಾ? ‘ಮಾನಸ ಸರೋವರ’ ಬಂದ 1982ರಲ್ಲೇ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಹುಚ್ಚಾಸ್ಪತ್ರೆಯ ಗೋಡೆ ದಾಟಿ ಚಿಕಿತ್ಸೆ ಜಿಲ್ಲೆ, ತಾಲ್ಲೂಕಿಗೆ ಬರಬೇಕು ಅನ್ನುವುದು ಅದರ ಆಸೆ. ಅದಕ್ಕೆ ಮಾದರಿಯಾದ ಜಿಲ್ಲೆ ನಮ್ಮ ಬಳ್ಳಾರಿ! ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಅಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದನ್ನು ನೋಡಿ 1996ರಲ್ಲಿ ದೇಶದ ಜಿಲ್ಲೆಗಳಿಗೆ ಯೋಜನೆ ಹೊರಟಿತು. ಆಸ್ಪತ್ರೆಯಿಂದ ಜಿಲ್ಲೆಗೆ ಬಂದದ್ದು ಈಗ ಜಿಲ್ಲೆಯಿಂದ ಜೇಬಿಗೇ ಬಂದಿದೆ.

ಪರದೆಯ ಮೂಲಕ ಚಿಕಿತ್ಸೆ ಅನ್ನುವುದೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ 1959ರಲ್ಲೇ ಎರಡೂ ಕಡೆಯಿಂದ ಕಾಣುವ ಟಿ.ವಿ. ಇಟ್ಟು ಮನೋಚಿಕಿತ್ಸೆ ಮಾಡಿ ನೋಡಿದ್ದರು. 1964ರಲ್ಲಿ 112 ಮೈಲಿ ದೂರದ ಇನ್ನೊಂದು ಆಸ್ಪತ್ರೆಗೆ ಟಿ.ವಿ. ಸಂಪರ್ಕ ಕೊಟ್ಟರು. ನಮ್ಮಲ್ಲಿ ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ದೂರವೈದ್ಯಕ್ಕೆ ನಿಯಮಾವಳಿ ಹೊರಡಿಸಿತು. ಆಮೇಲೆ ಮನೆಮನೆಗೂ ಬಂತು.

ಮೂರು ಊರು, ಒಂದು ಶೂಟಿಂಗ್

ನನ್ನಾಕೆಗೆ ಲೈಟ್‌ಬಾಯ್ ಗೆಳೆಯನೇ ಫೋನ್ ಮಾಡಿ ಹೇಳಿದ. “ಅತ್ಗೇ, ಇವನು ಕುಡಿಯೋದು ಬಿಡ್ತಿದ್ದಾನೆ. ಒಂದ್ಸಲ ಮೊಬೈಲಲ್ಲೇ ಕೂತು ಮಾತಾಡಿ.” ಅವಳು ಎರಡು ಷರತ್ತು ಹಾಕಿದಳು. ತಾನು ಬೆಂಗಳೂರಿಗೆ ಬರುವುದಿಲ್ಲ. ಮತ್ತೆ, ಆ ಮೇಡಂ ತನ್ನ ಜೊತೆ ಮೊದಲು ಬೇರೆಯಾಗಿ ಮಾತಾಡಬೇಕು. ಎರಡೂ ಆನ್‌ಲೈನ್‌ನಲ್ಲಿ ಮಾತ್ರ ಆಗುವಂಥವೇ! ಮೇಡಂ ಎರಡನೆಯದನ್ನು ಕೇಳಿ ಸಂತೋಷಪಟ್ಟರು. ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುವುದು ಅವರ ಪದ್ಧತಿಯೂ ಹೌದಂತೆ. ಹೆಂಡತಿಗೆ ಗಂಡನ ಭಯ ಇದೆಯಾ, ಮನೆಯಲ್ಲಿ ಹೊಡೆತ ಬಡಿತ ಇದೆಯಾ ಅಂತ ಗಂಡನ ಮುಂದೆ ಕೇಳಿದರೆ ನಿಜ ಬರುತ್ತದಾ? ಹೊಡೆತ ಇರುವ ಮನೆಗೆ ಇಬ್ಬರನ್ನೂ ಕೂರಿಸುವ ಕೌನ್ಸೆಲಿಂಗ್ ಸಲ್ಲದು. ಅಲ್ಲಿ ಮೊದಲು ಹೆಣ್ಣುಮಗಳ ರಕ್ಷಣೆ.

ಡಿಸೆಂಬರ್‌ನ ಒಂದು ಭಾನುವಾರ ಮೊದಲ ದಿನ. ಪರದೆಯಲ್ಲಿ ಮೂರು ಕಿಟಕಿ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನು, ಅರಸೀಕೆರೆಯ ತವರಿನಲ್ಲಿ ಅವಳು, ಮೈಸೂರಿನಲ್ಲಿ ಮೇಡಂ. ಶೂಟಿಂಗ್‌ಗಿಂತ ಜಾಸ್ತಿ ನಿಯಮ! ಬಾಗಿಲು ಹಾಕಿರಬೇಕು. ಕಿವಿಗೆ ಇಯರ್‌ಫೋನ್ ಇರಬೇಕು. ರೆಕಾರ್ಡ್ ಮಾಡುವ ಹಾಗಿಲ್ಲ. ಲೈನ್ ಕಟ್ ಆದರೆ ಯಾವ ನಂಬರಿಗೆ ಕರೆಯಬೇಕು ಅಂತ ಮೊದಲೇ ಬರೆದುಕೊಂಡರು. ನಾನು ಕೂತಿರುವ ವಿಳಾಸ, ತುರ್ತಿಗೆ ಒಬ್ಬ ಹತ್ತಿರದವರ ನಂಬರ್, ಇವನ್ನೂ ತೆಗೆದುಕೊಂಡರು. ದೂರದಲ್ಲಿರುವವರಿಗೆ ಏನಾದರೂ ಹೆಚ್ಚುಕಮ್ಮಿ ಆದರೆ ಅವರು ಓಡಿಬರುವ ಹಾಗಿಲ್ಲವಲ್ಲ, ಅದಕ್ಕೆ.

ಎಲ್ಲ ಸರಿಯಾಯಿತು ಅನ್ನುವಾಗ ಮೇಡಂ ನಕ್ಕು, “ಬಾಗಿಲ ಹತ್ರ ಯಾರೋ ಇದ್ದಾರೆ ಅನ್ಸುತ್ತೆ” ಅಂದರು. ನೋಡಿದರೆ ನನ್ನಾಕೆಯ ಹಿಂದೆ ಗೋಡೆಯ ಮೇಲೆ ಒಂದು ನೆರಳು. ಕೈಯಲ್ಲಿ ಸೌಟು! ನಮ್ಮ ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ‘ಪಿಕ್ಚರ್’ ನೋಡುತ್ತಿದ್ದರು. “ಅಮ್ಮಾ, ಹೊರಗೆ ಯಾಕೆ ನಿಂತಿದ್ದೀರಿ? ನಿಮಗೂ ಒಂದು ದಿನ ಕೊಡ್ತೀನಿ. ಇವತ್ತು ಇವರಿಬ್ಬರದು” ಅಂದರು ಮೇಡಂ. ಸೌಟು ಮಾಯವಾಯಿತು.

ಟೇಕ್ ಒಂದು, ಟೇಕ್ ಎರಡು, ಟೇಕ್ ಮೂರು

ನನ್ನ ಮಾತಿಗೆ ಗಾಂಧಿನಗರದಲ್ಲಿ ಒಳ್ಳೆಯ ಹೆಸರಿದೆ. ಐವತ್ತು ನಿಮಿಷದ ಸಿಟ್ಟಿಂಗ್‌ನಲ್ಲಿ ಅರ್ಧದಷ್ಟು ನಾನೇ ಮಾತಾಡಿದೆ. ಮೇಡಂ ಸುಮ್ಮನೆ ಕೇಳಿಸಿಕೊಂಡು ಒಂದು ಆಟ ಕಲಿಸಿದರು. ಒಬ್ಬರು ಮೂರು ನಿಮಿಷ ಮಾತಾಡಬೇಕು. ಇನ್ನೊಬ್ಬರು ಉತ್ತರ ಕೊಡುವ ಹಾಗಿಲ್ಲ. ಕೇಳಿಸಿದ್ದನ್ನು ತನ್ನ ಮಾತಲ್ಲಿ ತಿರುಗಿ ಹೇಳಬೇಕು. ಹೇಳಿದವರು ‘ಹೌದು, ಇದೇ’ ಅನ್ನುವ ತನಕ ತಮ್ಮ ಸರದಿ ಬರುವುದಿಲ್ಲ. ಇಷ್ಟೇನಾ ಅಂದುಕೊಂಡೆ.

ನನ್ನಾಕೆ ಹೇಳಿದಳು. “ಥಿಯೇಟರ್ ಮುಚ್ಚಿದ್ದು ನಂಗೂ ಗೊತ್ತಿತ್ತು. ಇವರಿಗೆ ಕೆಲಸ ಕಮ್ಮಿ ಅಂತಾನೂ ಗೊತ್ತಿತ್ತು. ಇಸ್ತ್ರಿ ಶರ್ಟ್ ಹಾಕ್ಕೊಂಡು ಹೋಗೋವಾಗ ಇವತ್ತಾದ್ರೂ ಹೇಳ್ತಾರೇನೋ ಅಂತ ಕಾಯ್ತಿದ್ದೆ. ಕೊನೆಗೆ ನಮ್ಮಣ್ಣನ ಬಾಯಿಂದ ಕೇಳ್ಬೇಕಾಯ್ತು.”

ಟೇಕ್ ಒಂದು. ನಾನಂದೆ, “ಅವರಣ್ಣನ ಹತ್ರ ಸಾಲ ಮಾಡಿದ್ದಕ್ಕೆ ಬೈತಿದ್ದಾಳೆ.”

“ಅಲ್ಲ” ಅಂದಳು ಅವಳು.

ಟೇಕ್ ಎರಡು. “ನಾನು ಸುಳ್ಳುಗಾರ ಅಂತಿದ್ದಾಳೆ.”

“ಅಲ್ಲ.”

ನನಗೆ ಬೆವರು. ಮೇಡಂ ಅಂದರು, “ಸರ್, ಅವರ ಮಾತಿನಲ್ಲಿ ‘ಕಾಯ್ತಿದ್ದೆ’ ಅಂತ ಒಂದು ಪದ ಬಂತು. ಕೇಳಿಸ್ತಾ?”

ಕೇಳಿಸಿರಲಿಲ್ಲ! ಸಾವಿರ ಚಿತ್ರದ ಸಂಭಾಷಣೆ ಬಾಯಿಪಾಠ ಇರುವವನಿಗೆ ಹೆಂಡತಿಯ ನಾಲ್ಕು ಸಾಲು ಕೇಳಿಸಿರಲಿಲ್ಲ. ಟೇಕ್ ಮೂರು. ನಿಧಾನವಾಗಿ ಹೇಳಿದೆ. “ಅವಳಿಗೆ ಎಲ್ಲ ಗೊತ್ತಿತ್ತು. ನಾನು ಹೇಳ್ತೀನಿ ಅಂತ ದಿನಾ ಕಾಯ್ತಿದ್ಳು. ನಾನು ಹೇಳಲಿಲ್ಲ. ಅವಳನ್ನ... ಹೊರಗಿನವರ ಥರ ಮಾಡ್ಬಿಟ್ಟೆ.”

ಆ ಕಡೆ ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ. ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. “ಹೌದು, ಇದೇ” ಅಂದಳು.

ಓಕೆ ಆಯ್ತು ಶಾಟ್ ಅಂತ ನಾನು ಕುಣಿಯಬೇಕು ಅನ್ನುವಷ್ಟರಲ್ಲಿ ಅವಳು ಕ್ಯಾಮೆರಾ ಆಫ್ ಮಾಡಿದಳು. ಒಂದೇ ಶಾಟಿಗೆ ಚಿತ್ರ ಮುಗಿಯುವುದಿಲ್ಲವಲ್ಲ. ಮುಂದಿನ ವಾರ ಅವಳು ಬರಲೇ ಇಲ್ಲ. ಅದರ ಮುಂದಿನ ವಾರ ಬಂದಳು.

ಇಂಟರ್ವಲ್ ಕೊಡಿ ಸ್ವಾಮಿ!

ಇನ್ನೊಂದು ಪಾಠ ನಿಮಗೆ ತುಂಬಾ ಹಿಡಿಸುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಅಂತ ಒಬ್ಬ ಮನಃಶಾಸ್ತ್ರಜ್ಞ. ಗಂಡ ಹೆಂಡಿರನ್ನು ಕೂರಿಸಿ, ಅವರ ಜಗಳವನ್ನು ಕ್ಯಾಮೆರಾದಲ್ಲಿ ಚಿತ್ರಿಸಿ, ಜೊತೆಗೆ ಎದೆಬಡಿತವನ್ನೂ ಅಳೆದರು. ವರ್ಷಗಟ್ಟಲೆ ಇದೇ ಶೂಟಿಂಗ್! ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ ನೂರು ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದೇ ಇಲ್ಲ ಅಂತ ಅವರು ಕಂಡುಕೊಂಡದ್ದು. ದೇಹ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು.

ನಮ್ಮ ಮೇಡಂ ಅದಕ್ಕೆ ಒಂದು ಗುರುತಿನ ಮಾತು ಇಟ್ಟುಕೊಳ್ಳಿ ಅಂದರು. ನನ್ನಾಕೆ ಥಟ್ಟನೆ, “ಇಂಟರ್ವಲ್ ಅಂತ ಇಟ್ಕೊಳ್ಳೋಣ. ಇವರಿಗೆ ಬೇರೆ ಭಾಷೆ ಎಲ್ಲಿ ಅರ್ಥ ಆಗುತ್ತೆ?” ಅಂದಳು. ಸಿಟ್ಟು ಏರಿದವರು ‘ಇಂಟರ್ವಲ್’ ಅನ್ನಬೇಕು. ಇಪ್ಪತ್ತು ನಿಮಿಷ ಬೇರೆ ಬೇರೆ. ಆದರೆ ಬೆಲ್ ಹೊಡೆದ ಮೇಲೆ ಒಳಗೆ ಬರಲೇಬೇಕು, ಅರ್ಧ ಪಿಕ್ಚರ್ ಬಿಟ್ಟು ಹೋಗುವ ಹಾಗಿಲ್ಲ. ನಾನು ಮೊದಲು ಜಗಳದ ಮಧ್ಯೆ ಎದ್ದು ಬಾರಿಗೆ ಹೋಗುತ್ತಿದ್ದೆನಲ್ಲ, ಅದು ಇಂಟರ್ವಲ್ ಅಲ್ಲ. ಓಡಿಹೋಗುವುದು.

ಅತ್ತೆಯ ಎಂಟ್ರಿ

ಮಾತು ಕೊಟ್ಟ ಹಾಗೆ ಮೇಡಂ ಒಂದು ಭಾನುವಾರ ಅತ್ತೆ, ಮಾವ, ಭಾವ ಎಲ್ಲರನ್ನೂ ಕೂರಿಸಿದರು. ಮನೆಯವರನ್ನು ಸೇರಿಸಿ ಚಿಕಿತ್ಸೆ ಮಾಡುವುದು ನಮ್ಮ ದೇಶದಲ್ಲಿ ಹಳೆಯ ವಿದ್ಯೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವವರಿದ್ದರು. ಆಸ್ಪತ್ರೆಯ ಬಯಲಿನಲ್ಲಿ ಟೆಂಟ್ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ನಮ್ಮ ಹಳ್ಳಿಗಳಲ್ಲಿ ಟೆಂಟ್ ಸಿನಿಮಾ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಟೆಂಟ್ ಚಿಕಿತ್ಸೆ!

ಅತ್ತೆ ಬಾಯಿ ಬಿಟ್ಟರು. “ಅಳಿಯಂದಿರಿಗೆ ಏನೂ ಅನ್ಬಾರ್ದು ಅಂತ ಇಷ್ಟು ದಿನ ಸುಮ್ನಿದ್ವಿ. ನಮ್ಮ ಸುಮ್ನಿರೋದೇ ತಪ್ಪಾಯ್ತೇನೋ.” ಎಲ್ಲರೂ ಮರ್ಯಾದೆಗೆ ಹೆದರಿ ಸುಮ್ಮನಿದ್ದೆವು. ಮೂಕಿ ಚಿತ್ರ ಓಡುತ್ತಿತ್ತು ನಮ್ಮ ಮನೆಯಲ್ಲಿ!

ಫೆಬ್ರವರಿಯಲ್ಲಿ ನಾನೇ ಅರಸೀಕೆರೆಗೆ ಹೋದೆ. ಕುಡಿದಿರಲಿಲ್ಲ, ಜಗಳಕ್ಕೂ ಹೋಗಿರಲಿಲ್ಲ. ಅವತ್ತಿನ ಸಿಟ್ಟಿಂಗ್ ಇಬ್ಬರೂ ಒಂದೇ ಮೊಬೈಲ್‌ನಲ್ಲಿ. ನಾನು ಫೋನ್ ಹಿಡಿದುಕೊಂಡು ಜಂಬದಿಂದ ಶುರು ಮಾಡಿದೆ. ಐದು ನಿಮಿಷ ಆದ ಮೇಲೆ ಮೇಡಂ ಕೇಳಿದರು.

“ಸರ್, ಫೋನ್ ಯಾರ ಕೈಲಿದೆ?”

“ನನ್ನ ಕೈಲಿ ಮೇಡಂ.”

“ಪೂರ್ತಿ ನೀವೇ ಕಾಣ್ತಿದ್ದೀರಿ. ಅವರದು ಒಂದು ಕಿವಿ ಮಾತ್ರ ಕಾಣ್ತಿದೆ.”

ಕ್ಯಾಮೆರಾಮನ್‌ಗಳ ತಪ್ಪು ಹುಡುಕಿ ಬರೆದೇ ದುಡಿದವನು ನಾನು! ನನ್ನಾಕೆ ಗೊಳ್ಳನೆ ನಕ್ಕಳು. ಐದು ತಿಂಗಳಾಗಿತ್ತು ಆ ನಗು ಕೇಳಿ. ಅತ್ತೆ ಒಳಗಿನಿಂದ ಅಕ್ಕಿ ಅಳೆಯುವ ಸೇರು ತಂದು ಮೇಜಿನ ಮೇಲೆ ಇಟ್ಟರು. ಮೊಬೈಲನ್ನು ಅದಕ್ಕೆ ಒರಗಿಸಿದೆವು. ಇಬ್ಬರೂ ಒಂದೇ ಫ್ರೇಮಿಗೆ ಬರಬೇಕಾದರೆ ನಾನು ಸ್ವಲ್ಪ ಸರಿಯಬೇಕಾಯಿತು. ಸರಿದೆ.

ಡೂಪ್‌ಗಳಿದ್ದಾರೆ, ಎಚ್ಚರ!

ತಮ್ಮಂದಿರಾ, ಇನ್ನು ನಿಮ್ಮ ಕಿಸೆಗೆ ಬೇಕಾದ ನಾಲ್ಕು ಮಾತು. ಮೊಬೈಲ್ ತೆರೆದರೆ ‘ಕೌನ್ಸೆಲರ್’, ‘ಲೈಫ್ ಕೋಚ್’ ಅಂತ ಬೋರ್ಡ್ ಹಾಕಿಕೊಂಡವರು ಸಾಲುಗಟ್ಟಿ ನಿಂತಿರುತ್ತಾರೆ. ಅಸಲಿ ಯಾರು, ಡೂಪ್ ಯಾರು? ಮನೋವೈದ್ಯರಾದರೆ ಎಂ.ಬಿ.ಬಿ.ಎಸ್. ಮಾಡಿ ಆಮೇಲೆ ಮನೋವೈದ್ಯಕೀಯ ಓದಿದವರು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಮಾತ್ರೆ ಬರೆಯುವ ಅಧಿಕಾರ ವೈದ್ಯರಿಗೆ ಮಾತ್ರ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಸಂಖ್ಯೆ ಕೇಳಿ. ಕೇಳಿದರೆ ಅಸಲಿಗಳು ಬೇಜಾರು ಮಾಡಿಕೊಳ್ಳುವುದಿಲ್ಲ. “ಮೂರೇ ದಿನದಲ್ಲಿ ಹೆಂಡತಿ ವಾಪಸ್” ಅಂತ ಗ್ಯಾರಂಟಿ ಕೊಟ್ಟರೆ ಡೂಪ್ ಅಂತಲೇ ತಿಳಿಯಿರಿ!

ನೀವು ಹೇಳಿದ್ದು ಊರೆಲ್ಲ ಹರಡುತ್ತದಾ? 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯ ಗುಟ್ಟಾಗಿ ಇರಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಪ್ರಾಣಕ್ಕೆ ಅಪಾಯ ಅನ್ನುವಂಥ, ಕಾನೂನು ಹೇಳಿದ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬಹುದು.

ಪರದೆಯ ಮೇಲೆ ಎಲ್ಲವೂ ಆಗುವುದಿಲ್ಲ. ಯಾರಿಗೂ ಕೇಳದ ದನಿ ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆ ಊಟ ಬಿಟ್ಟಿದ್ದರೆ, ಕುಡಿತ ಬಿಟ್ಟ ಕೂಡಲೇ ಮೈ ನಡುಗಿ ಭ್ರಮೆ ಬರುತ್ತಿದ್ದರೆ ಮೊಬೈಲ್ ಜೇಬಿಗಿಟ್ಟು ನೇರ ಜಿಲ್ಲಾಸ್ಪತ್ರೆಗೆ ನಡೆಯಿರಿ. ಪ್ರಾಣಕ್ಕೇ ಅಪಾಯ ಅಂದರೆ 112. ಹೊಡೆತ ತಿನ್ನುತ್ತಿರುವ ಹೆಣ್ಣುಮಕ್ಕಳಿಗೆ 181. ನಿಮ್ಮ ಅಕ್ಕ ತಂಗಿಯರಿಗೂ ಹೇಳಿ.

ದುಡ್ಡಿನ ಮಾತು. ನಾವು ಮೇಡಂಗೆ ಒಂದು ಸಿಟ್ಟಿಂಗ್‌ಗೆ 800 ರೂಪಾಯಿ ಕೊಟ್ಟೆವು. ನನ್ನ ವಾರದ ಕ್ವಾರ್ಟರ್ ಖರ್ಚಿಗಿಂತ ಕಮ್ಮಿ! ಅಷ್ಟೂ ಇಲ್ಲದವರಿಗೆ 14416 ಬಿಟ್ಟಿ. 2024ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್‌ಗೆ ಮೊಬೈಲ್ ಆ್ಯಪ್ ಕೂಡ ಬಂತು.

‘ಶುಭಂ’ ಕಾರ್ಡ್ ಯಾವಾಗ?

2024ರ ಬೇಸಿಗೆ ರಜಕ್ಕೆ ಮಗಳ ಜೊತೆ ನನ್ನಾಕೆ ಬೆಂಗಳೂರಿಗೆ ಬಂದಳು. ಹಾರ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಬಂದ ದಿನವೇ ಒಂದು ನೋಟ್‌ಬುಕ್ ತೆಗೆದು, “ಎಲ್ಲಾ ಸಾಲನೂ ಬರೀರಿ” ಅಂದಳು. ಬರೆದೆ. ಒಂದು ಬಚ್ಚಿಟ್ಟಿದ್ದೆ. ರಾತ್ರಿ ನಿದ್ದೆ ಬರಲಿಲ್ಲ, ಎಬ್ಬಿಸಿ ಅದನ್ನೂ ಹೇಳಿದೆ. ಬೈದಳು. ಮತ್ತೆ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಬೈಕ್ ಮಾರಿ ಮೊದಲು ಭಾವನ ದುಡ್ಡು ಕೊಟ್ಟೆವು.

ಎಲ್ಲ ಸರಿಹೋಯಿತಾ ಅಂದರೆ ಇಲ್ಲ ಅಂತಲೇ ಹೇಳುತ್ತೇನೆ. ಎರಡು ಸಲ ಮತ್ತೆ ಕುಡಿದೆ. ಎರಡು ಸಲವೂ ನಾನೇ ಬಂದು ಹೇಳಿದೆ. ಆಗಾಗ ಮನೆಯಲ್ಲಿ ‘ಇಂಟರ್ವಲ್’ ಬೆಲ್ ಹೊಡೆಯುತ್ತದೆ. ಮಗಳು, “ಅಪ್ಪಾ, ಟೈಮಾಯ್ತು, ಒಳಗ್ ಬಾ” ಅಂತ ಗೇಟ್‌ಕೀಪರ್ ಕೆಲಸ ಮಾಡುತ್ತಾಳೆ. ತಿಂಗಳಿಗೊಮ್ಮೆ ಮೇಡಂ ಜೊತೆ ಕೂರುತ್ತೇವೆ. ಅರಸೀಕೆರೆಯ ಆ ಸೇರು ಈಗ ನಮ್ಮ ಮನೆಯಲ್ಲೇ ಇದೆ.

ಈ ಪತ್ರಿಕೆಯನ್ನು ನೀವು ಬಸ್ ನಿಲ್ದಾಣದಲ್ಲಿ ಕೊಂಡಿದ್ದೀರಿ. ಬಸ್ಸಿಗೆ ಇನ್ನೂ ಐದು ನಿಮಿಷ ಇರಬಹುದು. ಪಕ್ಕದ ಬೆಂಚಿನ ಮೇಲೆ ನನ್ನ ಥರದವನು ಒಬ್ಬ ತಲೆ ತಗ್ಗಿಸಿ ಕೂತಿದ್ದರೆ, “ಊಟ ಆಯ್ತಾ ಗುರೂ?” ಅಂತ ಕೇಳಿ ನೋಡಿ. ಮತ್ತೆ ಆ ಐದಂಕಿಯನ್ನು ನಿಮ್ಮ ಮೊಬೈಲಿಗೆ ಹಾಕಿಕೊಳ್ಳಿ. 14416. ನಗಬೇಡಿ. ನನ್ನ ಗೆಳೆಯ ಹೇಳಿದ್ದನ್ನೇ ನಾನೂ ಹೇಳುತ್ತೇನೆ... ಒಂದಿನ ಬೇಕಾಗುತ್ತೆ.